ಲಾರಿಯ ಹಿಂದಿನ ಅಡ್ಡಪಟ್ಟಿ

ಬೈಲಹೊಂಗಲದ ನನ್ನ ಸೋದರಮಾವನ ಮನೆಗೆ ಹೋದವರೆಲ್ಲ ಚಹಾ ಕುಡಿಯಲು ಕೂರುತ್ತಿದ್ದುದು ಅಂಗಳದ ಒಂದು ಕಬ್ಬಿಣದ ಪಟ್ಟಿಯ ಮೇಲೆ. ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟ ಆ ಪಟ್ಟಿ ಅಸಲಿಗೆ ಮಾವನ ಲಾರಿಯದು. ಹಿಂದಿನಿಂದ ಬಂದ ಕಾರು ಅಡಿಗೆ ನುಗ್ಗದಿರಲೆಂದು ಲಾರಿಯ ಹಿಂಬದಿಯಲ್ಲಿ ಕೆಳಗೆ ಬಿಗಿದಿರುತ್ತಾರಲ್ಲ, ಅದು. ಕಬ್ಬು ತುಂಬಲು ಲಾರಿ ರಸ್ತೆಯಿಂದ ಹೊಲಕ್ಕೆ ಇಳಿಯುವಾಗ ಬದುವಿಗೆ ತಾಗುತ್ತದೆಂದು ಹಂಗಾಮು ಶುರುವಾದ ಕೂಡಲೇ ಬಿಚ್ಚಿಡುವುದು ರೂಢಿ. ಹಂಗಾಮು ಮುಗಿದ ಮೇಲೆ ಮತ್ತೆ ಹಾಕುವುದೂ ರೂಢಿಯೇ ಇರಬೇಕು. ನಾನು ನೋಡಿದ ನೆನಪಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ, ಆದರೆ ಈ ವಿಷಯದಲ್ಲಿ ಮಾವನೂ ಎದುರು ಸಾಕ್ಷಿ ಹೇಳಿಲ್ಲ. ಮಹಾನವಮಿಯಲ್ಲಿ ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಅವನು ಲಾರಿಗೊಂದು, ಅಂಗಳದ ಪಟ್ಟಿಗೊಂದು ಬೇರೆ ಬೇರೆ ಕಾಯಿ ಒಡೆಯುತ್ತಿದ್ದ. ಪಟ್ಟಿ ಇರಬೇಕಾದ ಜಾಗದಲ್ಲಿ ದೃಷ್ಟಿಗೆಂದು ಹಳೆಯ ಚಪ್ಪಲಿ ತೂಗುತ್ತಿತ್ತು.

ಕಳೆದ ವರ್ಷ ಅತ್ತೆ ಕಾರು ಕಲಿತಳು. ಅವಳು ಕಿತ್ತೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟ ಮೇಲೆ, ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೊರಟ ಕಬ್ಬಿನ ಲಾರಿಗಳ ಬೆನ್ನು ನೋಡುತ್ತ ಹೋಗುವುದೇ ಅವಳ ದಿನಚರಿಯಾಯಿತು. ಒಂದು ಬೆಳಿಗ್ಗೆ ಮುಂದಿನ ಲಾರಿ ಗಕ್ಕನೆ ನಿಂತಿತಂತೆ. ಇವಳ ಬ್ರೇಕು ಹಿಡಿಯುವಷ್ಟರಲ್ಲಿ ಕಬ್ಬಿನ ತುದಿಗಳು ಗಾಜನ್ನು ಸವರುತ್ತಿದ್ದವಂತೆ. ಆ ಲಾರಿಗೂ ಪಟ್ಟಿ ಇರಲಿಲ್ಲ.

ಆ ಭಾನುವಾರ ನಾನು ಹೋದಾಗ ಅಂಗಳದಲ್ಲಿ ಜಗಳ ನಡೆದಿತ್ತು.

"ಮೊದಲ ನಿಮ್ಮ ಲಾರಿಗೆ ಹಾಕ್ರಿ. ಆಮ್ಯಾಲೆ ಊರಿನವ್ರಿಗೆ ಹೇಳೂಣು," ಎಂದಳು ಅತ್ತೆ.

"ನೀ ಅಂತರ ಬಿಟ್ಟ ಹೊಡಿಯೋದ ಕಲಿ. ಚಪ್ಪಲಿ ಕಟ್ಟೇನಲ್ಲ, ಸಾಕು."

"ಚಪ್ಪಲಿ ಕಾರ್ ತಡೀತದೇನ್ರಿ? ಹಂಗಾರ ನಾನೂ ಬ್ರೇಕ್ ತಗಸಿ ಲಿಂಬಿಕಾಯಿ ಕಟಗೋತೇನಿ."

ನಾನು ವೇಗ, ತೂಕ ಎಂದು ಏನೋ ವಿವರಿಸಲು ಹೊರಟೆ. "ನೀ ಸುಮ್ನ ಚಹಾ ಕುಡಿಯಪಾ," ಎಂದರು ಇಬ್ಬರೂ. ಅವತ್ತು ಅವರು ಒಪ್ಪಿದ ಮೊದಲ ಮಾತು ಅದು.

ಅತ್ತೆ ಮಾವನನ್ನು ಕಾರಿನಲ್ಲಿ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು. ಖಾಲಿ ಲಾರಿ ಮನೆಯ ಮುಂದೆಯೇ ನಿಂತಿತ್ತು. ಅದರ ಹಿಂದೆ ಕಾರನ್ನು ಇರುವೆ ನಡೆದಂತೆ ಬಿಟ್ಟಳು. ಬಾನೆಟ್ಟು ಎಲ್ಲಿಯೂ ತಾಗದೆ ಲಾರಿಯ ಅಡಿಗೆ ಹೋಯಿತು. ಗಾಜಿಗೆ ಗೇಣು ಅಂತರವಿದ್ದಾಗ ನಿಲ್ಲಿಸಿದಳು. ಲಾರಿಯ ಹಲಗೆಯ ಅಂಚು ನೇರ ಮಾವನ ಮುಖದ ಎದುರಿಗಿತ್ತು.

"ಕಾಣಸ್ತೈತೇನ್ರಿ?"

ಮಾವ ಮೂಗು ಮುಟ್ಟಿ ನೋಡಿಕೊಂಡ ಎಂದು ನಾನು ಹೇಳುತ್ತೇನೆ. ಮೀಸೆ ತಿರುವಿದೆ ಎಂದು ಅವನ ವಾದ. ಆಮೇಲೆ ಸಣ್ಣ ದನಿಯಲ್ಲಿ, "ಹಿಂದಕ್ಕ ತಗೀ," ಅಂದ. "ದಿನಾ ಇಂಥಾವುದರ ಹಿಂದ ಹೊಕ್ಕೀಯೇನ ನೀ?"

ಸಂಜೆಯೊಳಗೆ ಪಟ್ಟಿ ಲಾರಿಗೆ ಮರಳಿತು. ಮರುದಿನ ಶಾಲೆಗೆ ಹೊರಡುವ ಮುನ್ನ ಅತ್ತೆ ಮತ್ತೆ ಕಾರು ತಂದು ಆ ಪಟ್ಟಿಗೆ ತಾಗಿಸಿದಳು. ಟಣ್ ಎಂದಿತು. ನಂಬರ್ ಪ್ಲೇಟು ಸೊಟ್ಟಗಾಯಿತು, ಬಾನೆಟ್ಟು ಹೊರಗೇ ಉಳಿಯಿತು.

"ಹೊಸಾ ಕಾರಲ್ಲಾ ಅದು!" ಎಂದು ಮಾವ ಲುಂಗಿ ಎತ್ತಿಕೊಂಡು ಓಡಿಬಂದ.

"ಪಾಸಾತ್ರಿ," ಎಂದು ಅತ್ತೆ ಹೊರಟುಹೋದಳು.

ಹೊಲದ ಬದುವಿಗೆ ಮಾವ ಮುರುಮು ಮಣ್ಣು ಸುರಿಸಿ ಇಳಿಜಾರು ಮಾಡಿಸಿದ. ಆದರೂ ಪಟ್ಟಿ ತಾಗೀತೆಂದು ಲಾರಿಯನ್ನು ಇಂಚಿಂಚಾಗಿ ಇಳಿಸುವಾಗ ಕಬ್ಬು ಕಡಿಯುವವರು ಬಿಡಲಿಲ್ಲ: "ಸಾವ್ಕಾರ್ರ, ಲಾರಿ ಬಸರಾಗೈತೇನ್ರಿ?"

ಮಾವ ಆ ನಗೆಗೆ ಜಗ್ಗಲಿಲ್ಲ. ಆದರೆ ರಸ್ತೆಯಲ್ಲಿ ಅತ್ತೆಯ ಕಾರಿನ ಮುಂದೆ ಹೋಗುವುದು ಅವನದೊಂದೇ ಲಾರಿಯಲ್ಲವಲ್ಲ. ಆ ವಾರವೇ ಅವನು ಮುರಗೋಡದ ಲಾರಿ ಮಾಲೀಕನೊಬ್ಬನಿಗೆ ಫೋನಿನಲ್ಲಿ ಹೇಳುತ್ತಿದ್ದ: "ಲಾರಿ ತಗೊಂಡ ಮನೀಗೆ ಬಾರೋ. ನಮ್ಮಾಕಿ ತನ್ನ ಕಾರಿನ್ಯಾಗ ನಿನ್ನ ಸ್ವಲ್ಪ ಕುಂದರಸ್ತಾಳ."