ಮುಖ ಮಸುಕು ಮಾಡುವ ಕ್ಲೈವ್

ಯಾರ್ಕ್‌ಷೈರಿನ ನಮ್ಮ ಹೆದರ್ಬಿ ಪುರಸಭೆಯಲ್ಲಿ ಜನರ ಮುಖ ಮಸುಕು ಮಾಡುವುದೇ ಕ್ಲೈವ್ ಥ್ವೇಟ್‌ನ ಕೆಲಸ. ಊರ ಚೌಕದ ಕಣ್ಗಾವಲು ಕ್ಯಾಮೆರಾದಲ್ಲಿ ಬಿದ್ದ ನಿಮ್ಮ ದೃಶ್ಯವನ್ನು ನೀವು ಕೇಳಿ ಪಡೆಯಬಹುದು. ಆದರೆ ಅಕ್ಕಪಕ್ಕದವರ ಮುಖ ಕಾಣಕೂಡದು. ಈ ನಿಯಮವನ್ನು ಕ್ಲೈವ್ ಬೆಳಗಿನ ಚಹಾದ ಜೊತೆಗೇ ಅರೆದು ಕುಡಿದವನು. ನಾಯಿಗಳನ್ನೂ ಬಿಡುವುದಿಲ್ಲ: "ನಾಯಿ ಗೊತ್ತಾದ್ರೆ ಯಜಮಾನ ಗೊತ್ತಾದ ಹಾಗೇ ಅಲ್ವಾ?" ನಡಿಗೆಯಿಂದಲೇ ಇಡೀ ಊರನ್ನು ಗುರುತಿಸಬಲ್ಲವನು, ಪಬ್ಬಿನಲ್ಲಿ ಯಾರಾದರೂ ಕ್ಯಾಮೆರಾದಲ್ಲಿ ತಮ್ಮನ್ನು ಕಂಡೆಯಾ ಎಂದು ಕೆಣಕಿದರೆ, "ನಿನ್ನನ್ನ ಈ ಜನ್ಮದಲ್ಲೇ ನೋಡಿಲ್ಲ ಮಾರಾಯ" ಎಂದು ಗ್ಲಾಸಿಗೆ ಬಾಯಿ ಹಚ್ಚುತ್ತಾನೆ. ಮೂವತ್ತು ದಿನ ತುಂಬಿದ ದೃಶ್ಯಗಳು ಅಳಿಸಿಹೋದಾಗ ಗುಡಿಸಿದ ಅಂಗಳ ನೋಡಿದಷ್ಟು ಹಿತ ಅವನಿಗೆ. ಹೀಗೊಂದು ಸಂತೆಯ ದೃಶ್ಯ ಅಳಿಯಲು ಒಂದೇ ದಿನ ಉಳಿದಿದ್ದಾಗ ಎನಿಡ್ ಅಜ್ಜಿ ಬಂದರು. ಅಂದು ಗಂಡನ ಜೊತೆ ಮೀನು ಕೊಂಡದ್ದನ್ನು ಅವರು ನೋಡಬೇಕಂತೆ. ಮರುವಾರವೇ ಅವರ ಗಂಡ ತೀರಿಕೊಂಡಿದ್ದರು. "ಅವ್ರ ಮುಖಾನೂ ಅಳಿಸ್ತೀಯೇನಪ್ಪಾ?" ಕ್ಲೈವ್ ನಿಯಮದ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ: "ಇಲ್ಲಮ್ಮ, ಈ ಕಾನೂನು ಬದುಕಿರೋರಿಗೆ ಮಾತ್ರ." ಆಮೇಲೆ ಸಂತೆಯ ನಲವತ್ತೊಂದು ಮುಖಗಳನ್ನೂ, ಮೀನಿನಂಗಡಿಯ ಬೆಕ್ಕನ್ನೂ ತಾಳ್ಮೆಯಿಂದ ಮಸುಕು ಮಾಡಿ, ಅವರಿಬ್ಬರನ್ನು ಮಾತ್ರ ಹಾಗೇ ಬಿಟ್ಟ.