ಕರಿ ಹುಳ, ಹಳದಿ ಹುಳ

ಹೆಣ್ಣು ಕೂಸು ಹುಟ್ಟಿದೆ! ಇವತ್ತು ಬೆಳಗ್ಗೆ, ಧಾರವಾಡದ ನಮ್ಮ ಮನೆಯಲ್ಲಿ, ನನ್ನ ಒಬ್ಬಳೇ ಮಗಳ ಹೊಟ್ಟೆಯಲ್ಲಿ. ಹುಟ್ಟಿದ ಕೂಡಲೇ ಓಣಿಗೆಲ್ಲ ಕೇಳುವಂತೆ ಅತ್ತಿತು. ಬಣ್ಣ ಎಣ್ಣೆಗಪ್ಪು, ತಲೆ ತುಂಬ ಗುಂಗುರು ಕೂದಲು. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಕೂದಲು. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ಸೊಟ್ಟ ಬಂದರೂ ಬರಲಿ, ಇದನ್ನು ಬರೆಯದೆ ಇರಲಾರೆ.

ನನ್ನ ಕೂಸುಗಳು ಅಳಲಿಲ್ಲ. ಮಗಳಿಗಿಂತ ಮೊದಲು ಎರಡು, ಆಮೇಲೆ ಬಹಳ ವರ್ಷಕ್ಕೆ ಒಂದು. ಕೊನೆಯದು ಮಾತ್ರ ಬೆಕ್ಕಿನ ಮರಿಯಂತೆ ಒಮ್ಮೆ ಕುಂಯ್ ಎಂದಿತ್ತು. ಇವರು, ಎಂದರೆ ನನ್ನ ಗಂಡ, ನನ್ನ ಅವ್ವನ ಸ್ವಂತ ತಮ್ಮ. ಅಕ್ಕನ ಮಗಳನ್ನು ತಮ್ಮ ತರುವುದು ನಮ್ಮಲ್ಲಿ ನಡೆದು ಬಂದದ್ದು. ಅವ್ವನನ್ನೂ ಅವಳ ಸೋದರಮಾವನಿಗೇ ಕೊಟ್ಟಿದ್ದರು. ಕೂಸು ಹೋದಾಗಲೆಲ್ಲ ಹಣೆಬರಹ ಎನ್ನುತ್ತಿದ್ದೆವು.

ಇವರಿಗೆ ಜೇನಿನ ಹುಚ್ಚು. ಹಿತ್ತಲಿನ ಪೇರಲ ಗಿಡಗಳ ಕೆಳಗೆ ಪೆಟ್ಟಿಗೆ ಇಟ್ಟು ಹುಳ ಸಾಕಿದ್ದರು. ಒಂದು ಪೆಟ್ಟಿಗೆಯ ಹಳದಿ ಹುಳ ಬಹಳ ಸಾಧು, ಜೇನೂ ಹೆಚ್ಚು. ಅದರ ಸಂತಾನದ ರಾಣಿಯರನ್ನೇ ಬೆಳೆಸಿ ಉಳಿದ ಪೆಟ್ಟಿಗೆಗಳಿಗೂ ಬಿಡುತ್ತ ಬಂದರು. ಕಚ್ಚುವ ಕರಿ ಹುಳದ ರಾಣಿ ಕಂಡರೆ ಬೆರಳಲ್ಲಿ ಹೊಸಕಿಬಿಡುವರು. ಕೆಲವು ವರ್ಷಕ್ಕೆ ಹಿತ್ತಲೆಲ್ಲ ಒಂದೇ ಬಣ್ಣ. ಮುಖಕ್ಕೆ ಬಟ್ಟೆ ಕಟ್ಟದೆ ಪೆಟ್ಟಿಗೆ ತೆಗೆದು, "ನೋಡಿಲ್ಲೆ, ನಿನಗಿಂತ ಸಾಧು ಅದಾವು" ಎಂದು ನನ್ನನ್ನು ಕಾಡುತ್ತಿದ್ದರು.

ಕೊನೆಯ ಕೂಸನ್ನು ಮಣ್ಣು ಮಾಡಿದ ವರ್ಷವೇ ಹುಳ ಕಡಿಮೆಯಾಗತೊಡಗಿದವು. ಒಂದು ದಿನ ಮೇಣದ ಎರಿ ಎತ್ತಿ ನನಗೆ ತೋರಿಸಿದರು. ಒತ್ತಾಗಿ ಮರಿ ತುಂಬಿರಬೇಕಾದಲ್ಲಿ ಅಲ್ಲೊಂದು ಇಲ್ಲೊಂದು ಮರಿ, ನಡುವೆ ಬರೀ ತೂತು, ಹಲ್ಲು ಉದುರಿದ ಬಾಯಿಯ ಹಾಗೆ.

"ರಾಣಿ ತತ್ತಿ ಇಡತೈತಿ. ಮರಿ ಉಳಿಯಂಗಿಲ್ಲ" ಎಂದರು.

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಬಂದೆ.

ಮುಂದೆ, ಹೊರಗಿನ ರಕ್ತ ಬೇಕೆಂದು ಕಲಘಟಗಿ ಕಡೆಯ ಕಾಡಿನಿಂದ ಕರಿ ಹುಳದ ಗೂಡೊಂದನ್ನು ತಂದು ಪೆಟ್ಟಿಗೆಗಳ ನಡುವೆ ಇಟ್ಟರು. ಕಚ್ಚಿಸಿಕೊಂಡು ಕೈ, ಮುಖ ಎಲ್ಲ ಬಾತಿತ್ತು. ಹೊಸ ರಾಣಿಯರು ಆ ಗೂಡಿನ ಗಂಡು ಹುಳಗಳ ಜೊತೆ ಕೂಡಿದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಕರಿಯವು, ಹಳದಿಯವು, ನಡುವಿನ ಬಣ್ಣದವು. ಎರಿ ತುಂಬಿತ್ತು. ಇವರು ನಗಲಿಲ್ಲ. ಅದನ್ನು ಹಿಡಿದುಕೊಂಡೇ ಮಗಳ ಕಡೆ ತಿರುಗಿ ನೋಡಿದರು.

ಆ ಬೇಸಿಗೆಯಲ್ಲೇ ಅವ್ವ ಬಂದು ನನ್ನ ಮಗಳ ಮದುವೆಯ ಮಾತು ತೆಗೆದಳು. ನನ್ನ ಕಿರಿಯ ತಮ್ಮನಿಗೆ ಕೊಡಬೇಕೆಂದು ತೊಟ್ಟಿಲಲ್ಲಿದ್ದಾಗಲೇ ಆಡಿಟ್ಟದ್ದು.

"ಇಲ್ಲಕ್ಕಾ, ಹೊರಗ ಕೊಡತೇನಿ" ಎಂದರು ಇವರು.

"ನನ್ನ ಮಗಗ ಏನ್ ಕಡಿಮಿ ಆಗೇತೋ ತಮ್ಮಾ? ಕುಂಟ ಅದಾನೋ, ಕುರುಡ ಅದಾನೋ?"

"ಬಂಗಾರದಂಥ ಹುಡುಗ. ಹಿತ್ತಲಕ್ಕ ಬಾ, ಒಂದು ತೋರಸ್ತೇನಿ."

"ಹುಳ ನೋಡಿ ಹೆಣ್ಣು ಕೊಡಾವ ಏನೋ ನೀ?" ಎಂದು ಅವ್ವ ಹೊಸ್ತಿಲಿಂದಲೇ ತಿರುಗಿದಳು.

ಯಾವ ನಂಟೂ ಇಲ್ಲದ ಹುಬ್ಬಳ್ಳಿಯ ಮನೆಗೆ ಮಗಳನ್ನು ಕೊಟ್ಟೆವು. ನನ್ನ ತಮ್ಮ ಮದುವೆಗೆ ಬರಲಿಲ್ಲ. ಆ ಮುನಿಸಿನಲ್ಲೇ ಅವ್ವ ಕಣ್ಣು ಮುಚ್ಚಿದಳು. ಹೋದ ವರ್ಷ ಇವರೂ ಹೋದರು. ತಮ್ಮ ಹೆಗಲು ಕೊಟ್ಟ, ಮನೆಯಲ್ಲಿ ನೀರು ಕೂಡ ಕುಡಿಯದೆ ಹೊರಟ. ಆಮೇಲೆ ಮಗಳು ಬಸುರಾದಳು. ಇಷ್ಟೆಲ್ಲ ಕಳೆದುಕೊಂಡು ಈ ಕೂಸೂ ಅಳದಿದ್ದರೆ? ಅದೊಂದೇ ಭಯ ಇತ್ತು ನನಗೆ.

ಮಧ್ಯಾಹ್ನ ತಮ್ಮನಿಗೆ ಹೇಳಿ ಕಳಿಸಿದೆ. ಬರುವನೆಂದುಕೊಂಡಿರಲಿಲ್ಲ. ಬಂದ. ಕೂಸನ್ನು ದಿಟ್ಟಿಸಿ, "ಅಕ್ಕಾ, ಇದು ಯಾರ ಹಂಗ ಐತಿ?" ಎಂದ.

"ಅವರಪ್ಪನ ಹಂಗ."

"ಛಲೋ ಆತು. ನಮ್ಮ ಹಂಗ ಚಪ್ಪಟಿ ಮೂಗು ಇದ್ದಿದ್ದರ ದಿನಾ ಎಣ್ಣಿ ಹಚ್ಚಿ ಎಳೀಬೇಕಾಗಿತ್ತು!"

ನಕ್ಕವನಿಗೆ ಕಣ್ಣಲ್ಲಿ ನೀರು. ಅದನ್ನು ಒರಸಿಕೊಂಡು, "ಮಾವನ ಹುಳ ಅದಾವೇನು ಇನ್ನೂ?" ಎಂದು ಕೇಳಿದ.

"ಅದಾವು. ಈಗ ಕಚ್ಚತಾವು."

ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಅಳಿಯ, ಬೀಗರು, ತಮ್ಮ. ಒಳಕೋಣೆಯ ಬಾಗಿಲು ತೆರೆದಿಟ್ಟು ಬಾಣಂತಿಗೂ ಅಲ್ಲೇ ಪಥ್ಯದ ತಾಟು. ನಮಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗೋಧಿ ಹುಗ್ಗಿ. ತಮ್ಮ ಮೊದಲು ಒಂದು ತಂಬಿಗೆ ನೀರು ಕುಡಿದ. ಆಮೇಲೆ ರೊಟ್ಟಿ ಮುರಿದ.