ಕಡಲ ಸೌತೆ ಮತ್ತು ನೆಲ ತೋಡುವ ಜೇನು

ಯಜಮಾನರು ತೀರಿಕೊಂಡ ಮೇಲೆ ಡೊಂಬಿವಲಿಯ ಮನೆಯಲ್ಲಿ ನಾನೊಬ್ಬಳೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಆಡಿದ್ದೇ ಆ ದಿನದ ಮಾತು. ಮನೆಗೆ ಬಂದರೆ ಫ್ರಿಜ್ಜಿನ ಸದ್ದು. ವಿಜಯಪುರದಿಂದ ಅಕ್ಕ ಫೋನು ಮಾಡಿ, "ಇಲ್ಲೇ ಬಂದುಬಿಡ" ಅನ್ನುತ್ತಿದ್ದಳು. "ನೋಡೂಣು" ಎಂದು ಇಟ್ಟುಬಿಡುತ್ತಿದ್ದೆ.

ಚಳಿಗಾಲದಲ್ಲಿ ಒಂದು ದಿನ ಎರಡು ಜೀವಿಗಳನ್ನು ಹೋಲಿಸುವ ಪಾಠವಿತ್ತು. ಭರಣಿಯಲ್ಲಿದ್ದದ್ದು ಸೌತೆಕಾಯಿಯಂತೆ ಕಾಣುವ ಕಡಲ ಪ್ರಾಣಿ, ಕಪ್ಪು ಕಡಲ ಸೌತೆ, ಹೊಲೊಥೂರಿಯಾ ಆಟ್ರಾ. ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿಟ್ಟದ್ದು ನೆಲ ತೋಡುವ ಜೇನು, ಆಂಡ್ರೀನಾ ಸವಿಗ್ನಿ. ಸೌತೆಗೆ ಮಿದುಳಿಲ್ಲ. ಮರಳು ನುಂಗಿ, ಅದರಲ್ಲಿನ ಕಸ ಅರಗಿಸಿಕೊಂಡು, ಮರಳನ್ನು ಹೊರಗೆ ಬಿಡುತ್ತದೆ. ಒಮ್ಮೊಮ್ಮೆ ತಾನೇ ನಡುವೆ ಹರಿದು ಎರಡಾಗುತ್ತದೆ, ಎರಡೂ ತುಂಡು ಬೆಳೆದು ಪೂರ್ತಿಯಾಗುತ್ತವೆ. ಈ ಜೇನಿಗೆ ರಾಣಿಯಿಲ್ಲ, ಹಿಂಡಿಲ್ಲ. ಹೆಣ್ಣೊಂದೇ ನೆಲ ತೋಡಿ, ಪರಾಗದ ಉಂಡೆಯ ಮೇಲೆ ಮೊಟ್ಟೆಯಿಟ್ಟು, ತೂತಿನ ಬಾಯಿ ಮುಚ್ಚಿ ಹೋಗುತ್ತದೆ. ಮರಿ ಹೊರಬರುವ ಹೊತ್ತಿಗೆ ತಾಯಿ ಇರುವುದಿಲ್ಲ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಇವೆರಡರಲ್ಲಿ ಹೆಚ್ಚು ಒಂಟಿ ಯಾವುದು ಎಂದು ಹಿಂದಿಯಲ್ಲಿ ಕೇಳಿದಳು. ಕೆಲವರು ನಕ್ಕರು. ನಾನು ಪಾಠ ಮುಂದುವರಿಸಿದೆ.

ಪಾಠ ಮುಗಿದ ಮೇಲೆ ಅವಳು ಫೋನಿನಲ್ಲಿ "ಬರ್ತೀನಿ ಯವ್ವಾ" ಅಂದದ್ದು ಕಿವಿಗೆ ಬಿತ್ತು.

"ಯಾವೂರವ್ವಾ ನಿಮ್ದು?"

"ಕಲಬುರಗಿ ಕಡೀರಿ. ಅಪ್ಪ ಬಿಲ್ಡಿಂಗ್ ಕೆಲಸ ಮಾಡ್ತಾನ. ಮುಂಬ್ರಾದಾಗ ಇರ್ತೀವಿ."

ಅಂದಿನಿಂದ ಮಧ್ಯಾಹ್ನ ನನ್ನ ಜೊತೆ ಡಬ್ಬಿ ಬಿಚ್ಚತೊಡಗಿದಳು. ಒಮ್ಮೆ ಲ್ಯಾಬಿನ ಹಿಂದಿನ ಬರಿ ನೆಲದಲ್ಲಿ ಸಣ್ಣ ಸಣ್ಣ ತೂತುಗಳನ್ನು ತೋರಿಸಿದಳು. ಬಗ್ಗಿ ನೋಡಿದರೆ ಅವೇ ಜೇನು, ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಒಳಗಿಳಿಯುತ್ತಿದ್ದವು. ಇಬ್ಬರೂ ಅಲ್ಲೇ ಕುಳಿತೆವು.

"ನೋಡ್ರಿ ಮೇಡಂ, ತಮ್ಮ ತೂತ ತಾವೇ ತೋಡಿದ್ರೂ ಬಾಜೂ ಬಾಜೂಕ ತೋಡ್ಯಾವ. ಆ ಸೌತಿಗೆ ಬಾಜೂಕ ಯಾರದಾರ ಅಂತ ಗೊತ್ತೇ ಆಗಂಗಿಲ್ಲ. ಅದೇ ಹೆಚ್ಚು ಒಂಟಿ."

"ಗೊತ್ತೇ ಆಗಲಿಲ್ಲಂದ್ರ ಒಂಟಿ ಅನಿಸೋದು ಹೆಂಗ?"

ಅವಳು ಮತ್ತೆ ತೂತಿನೊಳಗೆ ಇಣುಕಿ, "ಹಂಗಾದ್ರ ಜೇನೇ ಬಿಡ್ರಿ" ಅಂದಳು.

ಮುಂದಿನ ವರ್ಷ ಅವಳಪ್ಪನಿಗೆ ದೂರದ ಕಾಮೋಠೆಯಲ್ಲಿ ಕೆಲಸ ಸಿಕ್ಕಿತು. ಅವಳು ಅಲ್ಲಿಯ ಕಾಲೇಜು ಸೇರಿದಳು. ನಾನು ಸ್ಟಾಫ್ ರೂಮಿನಲ್ಲಿ ಮೊಬೈಲು ನೋಡುತ್ತಾ ಉಣ್ಣತೊಡಗಿದೆ. ಕೆಲ ತಿಂಗಳಾದ ಮೇಲೆ ಅವಳ ಫೋನು ಬಂತು. "ಇಲ್ಲಿ ನನ್ ಕೂಡ ಕನ್ನಡ ಮಾತಾಡೋರು ಯಾರಿಲ್ರಿ ಮೇಡಂ."

ಆ ಭಾನುವಾರವೇ ಹೊರಟೆ. ಅವಳವ್ವ ಬಿಸಿ ರೊಟ್ಟಿ ಬಡಿಸಿದಳು. ಹುಡುಗಿ ಬಿಡುವಿಲ್ಲದೆ ಮಾತಾಡಿದಳು, ನಾನು ಕೇಳಿದೆ. ವಾಪಸು ಬರುವಾಗ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸಿ, ದೀಪ ಹಚ್ಚುವ ಹೊತ್ತಿಗೆ ಬಂದು ಮನೆಯ ಬೀಗ ತೆಗೆದೆ.